ಕಟ್ಟಡಗಳ ವಿದ್ಯುತ್ ಅಂದಾಜು ಮತ್ತು ‘ಮಾದರಿ ವರ್ಷ’ದ ಹವಾಮಾನ: ಉದ್ದಿಮೆದಾರರು ಅರಿಯಬೇಕಾದ ಲೆಕ್ಕ

ಸಂಸ್ಥೆಯ ಸದಸ್ಯರಾದ ವರ್ತಕ ಬಂಧುಗಳು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳು ಹೊಸ ಗೋದಾಮು, ಶೀತಲಗೃಹ, ಸಿದ್ಧ ಉಡುಪಿನ ಶೆಡ್ ಅಥವಾ ಕಚೇರಿ ಕಟ್ಟಡಕ್ಕಾಗಿ ಬ್ಯಾಂಕಿಗೆ ಸಲ್ಲಿಸುವ ಯೋಜನಾ ವರದಿಗಳಲ್ಲಿ ಈಚೆಗೆ ಒಂದು ಹೊಸ ಅನುಬಂಧ ಕಾಣಿಸಿಕೊಳ್ಳುತ್ತಿದೆ. ಕಟ್ಟಡವು ವರ್ಷವೊಂದಕ್ಕೆ ಎಷ್ಟು ಯೂನಿಟ್ ವಿದ್ಯುತ್ತನ್ನು ಬಳಸುವುದು, ಛಾವಣಿಗೆ ಶಾಖನಿರೋಧಕ ಹೊದಿಸಿದರೆ ಎಷ್ಟು ಉಳಿತಾಯವಾಗುವುದು, ಮೇಲ್ಛಾವಣಿಯ ಸೌರಫಲಕಗಳು ಎಷ್ಟು ಉತ್ಪಾದಿಸುವುವು ಎಂಬ ಅಂಕಿಗಳನ್ನು ಗಣಕಯಂತ್ರದ ನೆರವಿನಿಂದ ಎಣಿಸಿ ಕೊಟ್ಟ ಪುಟಗಳವು. ಆ ಪುಟಗಳ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ‘ಹವಾಮಾನ ಕಡತ: ಬೆಂಗಳೂರು, ಮಾದರಿ ವರ್ಷ’ ಎಂದು ಒಂದು ಸಾಲು ಇರುತ್ತದೆ. ಬಹುಮಂದಿ ಆ ಸಾಲನ್ನು ಓದುವುದಿಲ್ಲ. ಕೆಲವು ವರ್ಷಗಳ ಹಿಂದಿನವರೆಗೆ ಈ ಲೇಖಕನೂ ಓದುತ್ತಿರಲಿಲ್ಲ.

ಓದದೆ ಹೋದುದರ ಫಲವೇನೆಂಬುದನ್ನು ಮೊದಲು ನಿವೇದಿಸಿ ಅನಂತರ ವಿಷಯಕ್ಕೆ ಬರುತ್ತೇನೆ.

ಶ್ರೀನಿವಾಸಪುರದ ಕಡೆಯ ನನ್ನ ಕಕ್ಷಿದಾರರೊಬ್ಬರು ಹುಣಸೆಹಣ್ಣಿನ ವ್ಯಾಪಾರಿಗಳು. ಸುಗ್ಗಿಯಲ್ಲಿ ಕೊಂಡ ಹಣ್ಣನ್ನು ಶೀತಲಗೃಹದಲ್ಲಿರಿಸಿ ಬೆಲೆ ಬಂದಾಗ ಮಾರುವುದು ಅವರ ಪದ್ಧತಿ. ಅನ್ಯರಿಗೆ ಬಾಡಿಗೆ ಕೊಡುವ ಬದಲು ತಾವೇ ಒಂದು ಸಣ್ಣ ಶೀತಲಗೃಹವನ್ನು ಕಟ್ಟಿಸಿದರು. ಯೋಜನಾ ವರದಿಯ ಹಣಕಾಸಿನ ಭಾಗವನ್ನು ಸಿದ್ಧಪಡಿಸಿದವನು ನಾನು. ಯಂತ್ರ ಸರಬರಾಜು ಮಾಡಿದವರು ಕೊಟ್ಟ ವಾರ್ಷಿಕ ವಿದ್ಯುತ್ ವೆಚ್ಚದ ಅಂಕಿಯನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಸಾಗಿದೆ. 2024ರ ಏಪ್ರಿಲ್ ಕೊನೆಯಲ್ಲಿ ಹೊಸ ಹಣ್ಣನ್ನು ತುಂಬುವ ಕಾಲಕ್ಕೂ ತೀವ್ರ ಬಿಸಿಲಿಗೂ ಒಂದೇ ಸಮಯವಾಯಿತು. ಯಂತ್ರವು ಹಗಲಿರುಳು ಬಿಡುವಿಲ್ಲದೆ ಓಡಿದರೂ ಒಳಗಿನ ಉಷ್ಣಾಂಶ ಇಳಿಯಲಿಲ್ಲ. ಒಪ್ಪಂದದ ಬೇಡಿಕೆಯನ್ನು ಮೀರಿದುದಕ್ಕೆ ಬಿಲ್ಲಿನಲ್ಲಿ ದಂಡ ಸೇರಿತು. ಹಣ್ಣಿನ ಒಂದು ಭಾಗ ಬಣ್ಣಗೆಟ್ಟು ಕಪ್ಪಾಯಿತು. ಕಪ್ಪಾದ ಹುಣಸೆಗೆ ಮಾರುಕಟ್ಟೆಯಲ್ಲಿ ಏನು ಗತಿಯೆಂಬುದನ್ನು ನಮ್ಮ ಜಿಲ್ಲೆಯ ವರ್ತಕರಿಗೆ ವಿವರಿಸಬೇಕಾಗಿಲ್ಲ. ಅವರು ನನ್ನ ಕಚೇರಿಗೆ ಬಂದು ವರದಿಯನ್ನು ಮೇಜಿನ ಮೇಲಿಟ್ಟು, “ಸಾರ್, ಇದರಲ್ಲಿ ಬರೆದಿರೋದು ಯಾವ ಊರಿನ ಬಿಸಿಲು? ಯಾವ ವರ್ಷದ್ದು?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನವು ಆ ಎರಡು ಪ್ರಶ್ನೆಗಳಿಗೆ ಅನಂತರ ನಾನು ಕಲಿತುಕೊಂಡ ಉತ್ತರ.

1. ಗಣಕಯಂತ್ರಕ್ಕೆ ಹವಾಮಾನವೇಕೆ ಬೇಕು?

ಕಟ್ಟಡದೊಳಕ್ಕೆ ಬರುವ ಶಾಖವು ಗೋಡೆ ಮತ್ತು ಛಾವಣಿಗಳ ಗುಣ, ಅವುಗಳ ವಿಸ್ತೀರ್ಣ, ಹೊರಗಿನ ಹಾಗೂ ಒಳಗಿನ ಉಷ್ಣಾಂಶಗಳ ಅಂತರ ಮತ್ತು ಬೀಳುವ ಬಿಸಿಲು ಇವುಗಳನ್ನು ಅವಲಂಬಿಸಿದೆ. ಗಾಳಿಯ ತೇವಾಂಶ ಮತ್ತು ವೇಗವೂ ಲೆಕ್ಕಕ್ಕೆ ಬರುತ್ತವೆ. ಇವುಗಳಲ್ಲಿ ಗೋಡೆ, ಛಾವಣಿಗಳು ನಮ್ಮ ಕೈಯಲ್ಲಿವೆ. ಹೊರಗಿನ ಹವೆ ನಮ್ಮ ಕೈಯಲ್ಲಿಲ್ಲ, ಮೇಲಾಗಿ ಅದು ಗಂಟೆಗೊಮ್ಮೆ ಬದಲಾಗುತ್ತದೆ.

ಆದುದರಿಂದ ಕಟ್ಟಡದ ಶಕ್ತಿ ಬಳಕೆಯನ್ನು ಅನುಕರಿಸಿ ಎಣಿಸುವ ಗಣಕ ಕಾರ್ಯಕ್ರಮಗಳು ವರ್ಷದ 365 ದಿನಗಳನ್ನು 24ರಿಂದ ಗುಣಿಸಿ ಬರುವ 8,760 ಗಂಟೆಗಳಲ್ಲಿ ಪ್ರತಿಯೊಂದಕ್ಕೂ ಹವಾಮಾನದ ಅಂಕಿಗಳನ್ನು ಕೇಳುತ್ತವೆ. ಅಮೆರಿಕದ ಇಂಧನ ಇಲಾಖೆಯು 2001ರಲ್ಲಿ ಬಿಡುಗಡೆ ಮಾಡಿದ ‘ಎನರ್ಜಿಪ್ಲಸ್’ ಇಂತಹ ಕಾರ್ಯಕ್ರಮಗಳಲ್ಲಿ ಪ್ರಮುಖವಾದುದು. ನಮ್ಮ ದೇಶದಲ್ಲಿ 2001ರ ಇಂಧನ ಸಂರಕ್ಷಣಾ ಕಾಯಿದೆಯ ಅನ್ವಯ ಇಂಧನ ದಕ್ಷತಾ ಬ್ಯೂರೋ ಸ್ಥಾಪನೆಯಾಯಿತು. ಅದು 2007ರಲ್ಲಿ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯನ್ನು ಹೊರತಂದು 2017ರಲ್ಲಿ ಪರಿಷ್ಕರಿಸಿತು. 100 ಕಿಲೋವ್ಯಾಟ್ ಸಂಪರ್ಕಿತ ಹೊರೆ ಅಥವಾ 120 ಕೆ.ವಿ.ಎ. ಒಪ್ಪಂದದ ಬೇಡಿಕೆ ಇರುವ ಹಾಗೂ ಅದಕ್ಕೆ ಮೇಲ್ಪಟ್ಟ ವಾಣಿಜ್ಯ ಕಟ್ಟಡಗಳನ್ನು ಉದ್ದೇಶಿಸಿದ ಈ ಸಂಹಿತೆಯಲ್ಲಿ, ಇಡೀ ಕಟ್ಟಡದ ಸಾಧನೆಯನ್ನು ಗಣಕಯಂತ್ರದಲ್ಲಿ ಗಂಟೆವಾರು ಎಣಿಸಿ ತೋರಿಸುವ ಮಾರ್ಗವೂ ಒಂದು. ಹೀಗಾಗಿ ಬೆಂಗಳೂರಿನ ದೊಡ್ಡ ಕಟ್ಟಡಗಳಿಗೆ ಸೀಮಿತವಾಗಿದ್ದ ಈ ವಿದ್ಯೆಯು ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳ ವರದಿಗಳಿಗೂ ಕಾಲಿಟ್ಟಿದೆ.

2. ಸರಾಸರಿಯನ್ನು ಏಕೆ ಬಳಸಬಾರದು?

ಇಪ್ಪತ್ತು ವರ್ಷಗಳ ಉಷ್ಣಾಂಶವನ್ನು ಕೂಡಿಸಿ ಇಪ್ಪತ್ತರಿಂದ ಭಾಗಿಸಿದರೆ ಸಾಲದೆ ಎಂದು ಸಹಜವಾಗಿಯೇ ಯಾರಾದರೂ ಕೇಳಬಹುದು. ಸಾಲದು. ಕಾರಣವನ್ನು ನಮ್ಮ ವ್ಯವಹಾರದ ಉದಾಹರಣೆಯಿಂದಲೇ ತಿಳಿಯಬಹುದು. ವರ್ತಕರೊಬ್ಬರ ಬ್ಯಾಂಕ್ ಖಾತೆಯಲ್ಲಿ ವರ್ಷದ ಸರಾಸರಿ ಶಿಲ್ಕು ಎರಡು ಲಕ್ಷ ರೂಪಾಯಿ ಇತ್ತೆನ್ನೋಣ. ಅಷ್ಟರಿಂದ ಅವರ ಒಂದು ಚೆಕ್ಕೂ ವಾಪಸಾಗಲಿಲ್ಲವೆಂದು ಹೇಳಲು ಬರುವುದೆ? ಸುಗ್ಗಿಯ ತಿಂಗಳಲ್ಲಿ ಖಾತೆ ಬರಿದಾಗಿ, ಉಳಿದ ತಿಂಗಳುಗಳಲ್ಲಿ ತುಂಬಿದ್ದರೂ ಸರಾಸರಿ ಅಷ್ಟೇ ಬರುತ್ತದೆ. ಸರಾಸರಿಯು ಏರುಪೇರನ್ನು ಮುಚ್ಚಿಹಾಕುತ್ತದೆ. ಚೆಕ್ಕು ವಾಪಸಾಗುವುದಾದರೋ ಏರುಪೇರಿನಿಂದಲೇ.

ಹವಾಮಾನದಲ್ಲಿಯೂ ಹೀಗೆಯೇ. ಎಣಿಕೆಗಾಗಿ ಒಂದು ದಿನವನ್ನು ಊಹಿಸೋಣ. ಬೆಳಗಿನ ಜಾವ 18 ಡಿಗ್ರಿ, ಮಧ್ಯಾಹ್ನ 30 ಡಿಗ್ರಿ, ಸರಾಸರಿ 24 ಡಿಗ್ರಿ ಸೆಲ್ಸಿಯಸ್. ಹೊರಗಿನ ಉಷ್ಣಾಂಶ 26 ಡಿಗ್ರಿ ದಾಟಿದಾಗ ಹವಾನಿಯಂತ್ರಕವು ಚಾಲೂ ಆಗಬೇಕೆಂದು ಇಟ್ಟುಕೊಳ್ಳೋಣ. ಸರಾಸರಿಯನ್ನು ನೋಡಿದರೆ 24 ಡಿಗ್ರಿಯು 26ಕ್ಕಿಂತ ಕಡಿಮೆ; ಆದ್ದರಿಂದ ಯಂತ್ರ ಓಡುವುದೇ ಇಲ್ಲ, ವೆಚ್ಚ ಸೊನ್ನೆ. ವಾಸ್ತವವಾಗಿ ಬೆಳಿಗ್ಗೆ 11ರಿಂದ ರಾತ್ರಿ 8ರವರೆಗೆ ಸುಮಾರು 9 ಗಂಟೆಗಳ ಕಾಲ ಉಷ್ಣಾಂಶವು 26ರ ಮೇಲಿರುತ್ತದೆ. ಆ ಅವಧಿಯಲ್ಲಿ ಸರಾಸರಿ 2.5 ಡಿಗ್ರಿ ಹೆಚ್ಚೆಂದು ಹಿಡಿದರೆ ದಿನವೊಂದಕ್ಕೆ 22.5 ‘ಡಿಗ್ರಿ-ಗಂಟೆ’, ತಿಂಗಳಿಗೆ 675 ಡಿಗ್ರಿ-ಗಂಟೆಗಳ ತಂಪಿನ ಅವಶ್ಯಕತೆ ಇದೆ. ಒಂದು ಲೆಕ್ಕದಲ್ಲಿ ಸೊನ್ನೆ, ಇನ್ನೊಂದರಲ್ಲಿ 675.

ಹಾಗಾದರೆ ಯಾವುದಾದರೂ ಒಂದು ನಿಜವಾದ ವರ್ಷವನ್ನು, ಉದಾಹರಣೆಗೆ ಕಳೆದ ವರ್ಷವನ್ನೇ, ತೆಗೆದುಕೊಳ್ಳಬಹುದಲ್ಲವೆ? ಅದೂ ಸರಿಯಲ್ಲ. ಕಳೆದ ವರ್ಷ ಅತಿ ಬಿಸಿಲಿನದಾಗಿರಬಹುದು ಅಥವಾ ಮೋಡ ಮುಸುಕಿದುದಾಗಿರಬಹುದು. ಪಾಲುದಾರಿಕೆಯಲ್ಲಿ ಗುಡ್‌ವಿಲ್ ಮೌಲ್ಯ ಕಟ್ಟುವಾಗ ಒಂದು ವರ್ಷದ ಲಾಭವನ್ನು ನೋಡಿ ಯಾರೂ ಒಪ್ಪುವುದಿಲ್ಲ. ಬೆಂಕಿ ಅನಾಹುತದ ನಷ್ಟ, ಜಮೀನು ಮಾರಿದ ಲಾಭ ಇತ್ಯಾದಿ ಅಸಾಧಾರಣ ಬಾಬುಗಳನ್ನು ಬದಿಗಿಟ್ಟು ‘ಸಾಮಾನ್ಯ ವರ್ಷ’ದ ಲಾಭ ಎಷ್ಟೆಂದು ಹುಡುಕುತ್ತೇವೆ. ಹವಾಮಾನ ತಜ್ಞರು ಮಾಡಿದುದೂ ಇದನ್ನೇ. ಆ ಸಾಮಾನ್ಯ ವರ್ಷಕ್ಕೆ ‘ಟಿ.ಎಂ.ವೈ.’ ಎಂಬ ಸಂಕ್ಷಿಪ್ತನಾಮವಿದೆ. ಇದನ್ನು ನಾವು ‘ಮಾದರಿ ಹವಾಮಾನ ವರ್ಷ’ ಎನ್ನೋಣ.

3. ಮಾದರಿ ವರ್ಷವನ್ನು ಕಟ್ಟುವ ಬಗೆ

ಈ ವಿಧಾನವನ್ನು 1978ರಲ್ಲಿ ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯವು ರೂಪಿಸಿತು. ಇದರ ಸಾರ ಸರಳವಾದುದು. ಇಪ್ಪತ್ತೋ ಮೂವತ್ತೋ ವರ್ಷಗಳ ದಾಖಲೆಯಲ್ಲಿ ಅಷ್ಟೇ ಸಂಖ್ಯೆಯ ಜನವರಿ ತಿಂಗಳುಗಳಿರುತ್ತವೆ. ಪ್ರತಿಯೊಂದು ಜನವರಿಯ ದಿನವಹಿ ಅಂಕಿಗಳ ಹಂಚಿಕೆಯನ್ನು ಎಲ್ಲ ಜನವರಿಗಳ ಒಟ್ಟು ಹಂಚಿಕೆಯೊಡನೆ ಹೋಲಿಸುತ್ತಾರೆ. ಸರಾಸರಿ ಒಂದೇ ಆಗಿದ್ದರೆ ಸಾಲದು. ಎಷ್ಟು ದಿನ ಬಿಸಿ, ಎಷ್ಟು ದಿನ ತಂಪು, ಎಷ್ಟು ದಿನ ಮೋಡ ಎಂಬ ಹಂಚಿಕೆಯೂ ಹೊಂದಬೇಕು. ಈ ಹೋಲಿಕೆಗೆ 1971ರಲ್ಲಿ ಪ್ರಕಟವಾದ ‘ಫಿಂಕೆಲ್‌ಸ್ಟೈನ್-ಶಾಫರ್’ ಎಂಬ ಸಂಖ್ಯಾಶಾಸ್ತ್ರೀಯ ಅಳತೆಯನ್ನು ಬಳಸಲಾಗುತ್ತದೆ. ಅತ್ಯಂತ ಹತ್ತಿರವಾದ ಐದು ಜನವರಿಗಳನ್ನು ಮೊದಲು ಆರಿಸಿ, ಸತತವಾಗಿ ಬಿಸಿ ಅಥವಾ ಮೋಡ ಕವಿದ ದಿನಗಳ ಸರಣಿ ವಿಪರೀತವಾಗಿರುವುದನ್ನು ಕೈಬಿಟ್ಟು, ಒಂದನ್ನು ಉಳಿಸಿಕೊಳ್ಳುತ್ತಾರೆ. ಫೆಬ್ರವರಿಯಿಂದ ಡಿಸೆಂಬರ್‌ವರೆಗೂ ಇದೇ ಕ್ರಮ.

ಹೀಗೆ ಜನವರಿ ಒಂದು ವರ್ಷದ್ದು, ಫೆಬ್ರವರಿ ಬೇರೊಂದು ವರ್ಷದ್ದು, ಮಾರ್ಚ್ ಮತ್ತೊಂದು ವರ್ಷದ್ದು ಆಗಿ ಹನ್ನೆರಡು ನಿಜವಾದ ತಿಂಗಳುಗಳನ್ನು ಹೊಲಿದ ವರ್ಷವೇ ಮಾದರಿ ವರ್ಷ. ಒಂದು ತಿಂಗಳು ಮುಗಿದು ಇನ್ನೊಂದು ಆರಂಭವಾಗುವ ಕೆಲವು ಗಂಟೆಗಳಲ್ಲಿ ಅಂಕಿಗಳು ಧಡಕ್ಕನೆ ಜಿಗಿಯದಂತೆ ಸವರಿ ಸೇರಿಸಿರುತ್ತಾರೆ. ಅದರೊಳಗಿನ ಪ್ರತಿಯೊಂದು ತಿಂಗಳೂ ನಡೆದದ್ದು. ಆದರೆ ಆ ವರ್ಷ ಮಾತ್ರ ಎಂದೂ ನಡೆಯಲಿಲ್ಲ. ನನ್ನ ಕಕ್ಷಿದಾರರ ‘ಯಾವ ವರ್ಷದ್ದು?’ ಎಂಬ ಪ್ರಶ್ನೆಗೆ ಇದು ಉತ್ತರ.

ಆಯ್ಕೆಯಲ್ಲಿ ಯಾವ ಅಂಶಕ್ಕೆ ಎಷ್ಟು ತೂಕವೆಂಬುದು ಮುಖ್ಯ. ಸ್ಯಾಂಡಿಯಾದ ಮೂಲ ವಿಧಾನದಲ್ಲಿ ಒಟ್ಟು 24 ಪಾಲು ತೂಕವಿದ್ದು, ಅದರಲ್ಲಿ ಉಷ್ಣಾಂಶಕ್ಕೆ 4 ಪಾಲು, ಗಾಳಿಯ ತೇವವನ್ನು ಸೂಚಿಸುವ ಇಬ್ಬನಿ ಬಿಂದುವಿಗೆ 4 ಪಾಲು, ಗಾಳಿಯ ವೇಗಕ್ಕೆ 4 ಪಾಲು, ಉಳಿದ 12 ಪಾಲು, ಅಂದರೆ ಸರಿಯಾಗಿ ಅರ್ಧ, ಸೌರವಿಕಿರಣಕ್ಕೆ. ಮಳೆಗೆ ಒಂದು ಪಾಲೂ ಇಲ್ಲ. ಮಾಲೂರಿನ ಹೆಂಚು ಮತ್ತು ಇಟ್ಟಿಗೆ ತಯಾರಕರು ಈ ಅಂಶವನ್ನು ಗಮನಿಸಬೇಕು. ಹಸಿ ಇಟ್ಟಿಗೆಯ ಒಣಗಿಕೆಗೆ ಮಳೆಯ ದಿನಗಳೇ ನಿರ್ಣಾಯಕ. ಮಳೆಯನ್ನು ಲೆಕ್ಕಿಸದೆ ಆರಿಸಿದ ತಿಂಗಳುಗಳ ಮೇಲೆ ಒಣಗಿಸುವ ಅಂಗಳದ ಯೋಜನೆಯನ್ನು ನಿಲ್ಲಿಸುವುದು ಸಲ್ಲದು.

4. ನಮ್ಮ ದೇಶದ ದಾಖಲೆಗಳು

ಬಿಸಿಲಿಗೆ ಅರ್ಧ ತೂಕವೆಂದ ಮೇಲೆ ಬಿಸಿಲನ್ನು ಅಳೆದವರಾರು ಎಂಬ ಪ್ರಶ್ನೆ ಏಳುತ್ತದೆ. ಉಷ್ಣಾಂಶವನ್ನು ಅಳೆಯುವ ವೀಕ್ಷಣಾಲಯಗಳು 1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆಯ ಕಾಲದಿಂದಲೂ ಇವೆ. ಸೌರವಿಕಿರಣವನ್ನು ಅಳೆಯುವ ಕೇಂದ್ರಗಳು ಕಡಿಮೆ. ದೇಶದಲ್ಲಿ ಅಂತಹ ಕೇಂದ್ರಗಳ ಜಾಲವನ್ನು 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ಸಂದರ್ಭದಲ್ಲಿ ಸ್ಥಾಪಿಸಿದವರು ಅನ್ನಾ ಮಣಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ನಡೆಸಿದ್ದ ಈ ವಿಜ್ಞಾನಿಯು 1948ರಲ್ಲಿ ಹವಾಮಾನ ಇಲಾಖೆಯನ್ನು ಸೇರಿ, ಮುಂದೆ ಭಾರತದ ಸೌರವಿಕಿರಣದ ದತ್ತಾಂಶವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. 2011ರಿಂದೀಚೆಗೆ ಚೆನ್ನೈನ ರಾಷ್ಟ್ರೀಯ ಪವನಶಕ್ತಿ ಸಂಸ್ಥೆಯೂ ದೇಶದಾದ್ಯಂತ ಸೌರವಿಕಿರಣ ಮಾಪನ ಕೇಂದ್ರಗಳನ್ನು ನೆಲೆಗೊಳಿಸಿತು. ಅಳೆದ ಅಂಕಿ ಇಲ್ಲದೆಡೆ ಮೋಡದ ಪ್ರಮಾಣದಿಂದಲೋ ಉಪಗ್ರಹದ ಚಿತ್ರಗಳಿಂದಲೋ ಬಿಸಿಲನ್ನು ಅಂದಾಜಿಸುತ್ತಾರೆ. ಆದುದರಿಂದ ಮಾದರಿ ವರ್ಷದ ಕಡತದಲ್ಲಿರುವ ಬಿಸಿಲಿನ ಅಂಕಿಯು ಅನೇಕ ವೇಳೆ ಅಳತೆಯಲ್ಲ, ಅಂದಾಜು. ಲೆಕ್ಕಪರಿಶೋಧಕನ ಭಾಷೆಯಲ್ಲಿ ಹೇಳುವುದಾದರೆ ವೋಚರ್ ಇರುವ ಬಾಬು ಬೇರೆ, ಅಂದಾಜಿನ ನಮೂದು ಬೇರೆ.

ಭಾರತೀಯ ನಗರಗಳಿಗಾಗಿ ಹವಾನಿಯಂತ್ರಣ ಇಂಜಿನಿಯರುಗಳ ಸಂಘವಾದ ‘ಇಶ್ರೇ’ ಸುಮಾರು 60 ಸ್ಥಳಗಳ ಮಾದರಿ ವರ್ಷಗಳನ್ನು ಸಿದ್ಧಪಡಿಸಿದೆ. ಬೆಂಗಳೂರು ಆ ಪಟ್ಟಿಯಲ್ಲಿದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಇವುಗಳಲ್ಲಿ ಒಂದೂ ಇಲ್ಲ. ಸಲಹೆಗಾರರು ಹತ್ತಿರದ ಊರೆಂದು ಬೆಂಗಳೂರಿನ ಕಡತವನ್ನು ನಮ್ಮ ವರದಿಗೆ ಅಂಟಿಸುವುದು ಇದೇ ಕಾರಣದಿಂದ. ‘ಯಾವ ಊರಿನ ಬಿಸಿಲು?’ ಎಂಬ ಪ್ರಶ್ನೆಗೂ ಉತ್ತರ ದೊರೆತಂತಾಯಿತು.

5. ಬೆಂಗಳೂರಿನ ಕಡತ ನಮಗೆ ಎಷ್ಟು ಹೊಂದುತ್ತದೆ?

ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯು ದೇಶವನ್ನು ಬಿಸಿ-ಶುಷ್ಕ, ಬೆಚ್ಚಗಿನ-ಆರ್ದ್ರ, ಮಿಶ್ರ, ಸಮಶೀತೋಷ್ಣ ಮತ್ತು ಶೀತ ಎಂಬ ಐದು ಹವಾಮಾನ ವಲಯಗಳಾಗಿ ವಿಂಗಡಿಸುತ್ತದೆ. ಬೆಂಗಳೂರು ಸಮಶೀತೋಷ್ಣ ವಲಯಕ್ಕೆ ಸೇರಿದುದು. ನಮ್ಮ ತಾಲ್ಲೂಕುಗಳೂ ಅದೇ ಪ್ರಸ್ಥಭೂಮಿಯ ಪೂರ್ವದ ಅಂಚಿನಲ್ಲಿವೆ. ಆದ್ದರಿಂದ ಬೆಂಗಳೂರಿನ ಕಡತವು ಪೂರ್ತಿ ಅಸಂಗತವೇನಲ್ಲ. ಆದರೆ ನಾಲ್ಕೂ ಊರುಗಳಿಗೆ ಒಂದೇ ಸಮನಾಗಿ ಹೊಂದುವುದೂ ಇಲ್ಲ.

ಮೊದಲನೆಯದು ಎತ್ತರ. ಮೇಲೇರಿದಂತೆ ಗಾಳಿಯು ಸಾಮಾನ್ಯವಾಗಿ ಪ್ರತಿ 1,000 ಮೀಟರಿಗೆ ಸುಮಾರು 6.5 ಡಿಗ್ರಿಯಷ್ಟು ತಂಪಾಗುತ್ತದೆ. ಬೆಂಗಳೂರು ನಗರವು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಮಾಲೂರು ಹೆಚ್ಚುಕಡಿಮೆ ಅದೇ ಮಟ್ಟದಲ್ಲಿದೆ. ಮುಳಬಾಗಿಲು, ಶ್ರೀನಿವಾಸಪುರಗಳು ಅದಕ್ಕಿಂತ ಸುಮಾರು 100 ಮೀಟರ್ ತಗ್ಗಿನಲ್ಲಿವೆ. ಎತ್ತರದಿಂದಲೇ ಅರ್ಧ ಡಿಗ್ರಿಗೂ ತುಸು ಹೆಚ್ಚು ವ್ಯತ್ಯಾಸವನ್ನು ನಿರೀಕ್ಷಿಸಬಹುದು. ಎರಡನೆಯದು ನೆಲೆ. ನಗರದ ಕಾಂಕ್ರೀಟು ಹಗಲಿನ ಶಾಖವನ್ನು ಹಿಡಿದಿಟ್ಟು ರಾತ್ರಿ ಬಿಡುತ್ತದೆ. ಬಯಲಿನ ಗೋದಾಮಿನ ಸುತ್ತ ರಾತ್ರಿ ಹೆಚ್ಚು ತಂಪು. ಮೂರನೆಯದು ಕಾಲ. ನಮ್ಮಲ್ಲಿ ಹೆಚ್ಚಿನ ಮಳೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬರುತ್ತದೆ. ಮಾರ್ಚ್‌ನಿಂದ ಮೇ ತಿಂಗಳವರೆಗಿನ ಬಿಸಿಲೇ ಹುಣಸೆ ತುಂಬುವ, ಮಾವು ಬರುವ ಸುಗ್ಗಿಗೂ ಕಾಲ. ಕಡತದಲ್ಲಿ ವರ್ಷದ ಮೊತ್ತ ಸರಿಯಾಗಿದ್ದರೂ ನಮ್ಮ ವಹಿವಾಟು ವರ್ಷಪೂರ್ತಿ ಒಂದೇ ಸಮನಾಗಿ ಹಂಚಿಲ್ಲವೆಂಬುದನ್ನು ಸಲಹೆಗಾರರಿಗೆ ನಾವೇ ತಿಳಿಸಬೇಕು.

ಒಂದೆರಡು ಡಿಗ್ರಿಯಿಂದ ಏನಾದೀತು ಎಂದು ಕಡೆಗಣಿಸುವಂತಿಲ್ಲ. 5 ಡಿಗ್ರಿಯಲ್ಲಿರಿಸಬೇಕಾದ ಶೀತಲಗೃಹದ ಹೊರಗೆ ವಾರ್ಷಿಕ ಸರಾಸರಿ 24 ಡಿಗ್ರಿ ಇದ್ದರೆ ಅಂತರ 19. ಅದೇ ಸರಾಸರಿ 26 ಆದರೆ ಅಂತರ 21. ಗೋಡೆ, ಛಾವಣಿಗಳ ಮೂಲಕ ಒಳಬರುವ ಶಾಖವು ಈ ಅಂತರಕ್ಕೆ ಅನುಪಾತದಲ್ಲಿರುವುದರಿಂದ ಅದು ಶೇ. 10ಕ್ಕಿಂತ ಹೆಚ್ಚು ಏರಿತು. ಹೊರಗಿನ ಹವೆ ಬಿಸಿಯಾದಷ್ಟೂ ಯಂತ್ರದ ದಕ್ಷತೆ ಕುಗ್ಗುವುದರಿಂದ ವಿದ್ಯುತ್ ಬಳಕೆ ಅದಕ್ಕಿಂತಲೂ ಹೆಚ್ಚಾಗುತ್ತದೆ.

6. ಮಾದರಿ ವರ್ಷವು ಯಾವುದಕ್ಕೆ ಸಲ್ಲದು?

ಇಲ್ಲಿಯೇ ನಮ್ಮ ಹುಣಸೆ ವ್ಯಾಪಾರಿಗಳಿಗೆ ಪೆಟ್ಟು ಬಿದ್ದುದು. ಮಾದರಿ ವರ್ಷವನ್ನು ಆರಿಸುವ ಕ್ರಮವೇ ವಿಪರೀತಗಳನ್ನು ಕೈಬಿಡುವಂತಹುದು. ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಉಷ್ಣಾಂಶ ದಾಖಲಾಯಿತು. 2024ರ ಏಪ್ರಿಲ್‌ನಲ್ಲಿಯೂ 38 ಡಿಗ್ರಿಯನ್ನು ಮೀರಿತು. ಇಂತಹ ಏಪ್ರಿಲ್ ತಿಂಗಳುಗಳು ‘ಸಾಮಾನ್ಯ’ವಲ್ಲವಾದ್ದರಿಂದ ಮಾದರಿ ವರ್ಷದೊಳಗೆ ಅವುಗಳಿಗೆ ಪ್ರವೇಶ ಸಿಗುವುದು ಕಷ್ಟ. ಅದು ಕಡತದ ದೋಷವಲ್ಲ, ಉದ್ದೇಶವೇ ಹಾಗಿದೆ. ಆದರೆ ಕಡತದಲ್ಲಿರುವ ಅತ್ಯಧಿಕ ಉಷ್ಣಾಂಶವನ್ನು ಹಿಡಿದು ಯಂತ್ರದ ಸಾಮರ್ಥ್ಯವನ್ನು ನಿರ್ಧರಿಸಿದರೆ, ಅಸಾಮಾನ್ಯ ಬೇಸಗೆಯಲ್ಲಿ ಯಂತ್ರ ಕೈಕೊಡುವುದು ನಿಶ್ಚಯ. ಮೇಲಿನ ಶೀತಲಗೃಹದ ಉದಾಹರಣೆಯಲ್ಲಿಯೇ ಹೊರಗೆ 38 ಡಿಗ್ರಿ ಇದ್ದ ಮಧ್ಯಾಹ್ನ ಅಂತರವು 33 ಆಗುತ್ತದೆ. 19ರ ಜಾಗದಲ್ಲಿ 33 ಎಂದರೆ ಸುಮಾರು ಮುಕ್ಕಾಲು ಪಾಲು ಹೆಚ್ಚು. ಅದರ ಮೇಲೆ ಹೊರಗಿನಿಂದ ತಂದ ಬಿಸಿ ಹಣ್ಣನ್ನು ಅದೇ ವಾರ ತುಂಬಿದರೆ ಆ ಹಣ್ಣಿನ ಶಾಖವನ್ನೂ ಯಂತ್ರವೇ ಹೊರಹಾಕಬೇಕು.

ಯಂತ್ರದ ಗಾತ್ರವನ್ನು ನಿರ್ಧರಿಸಲು ‘ವಿನ್ಯಾಸ ಉಷ್ಣಾಂಶ’ ಎಂಬ ಪ್ರತ್ಯೇಕ ಅಂಕಿಗಳಿವೆ. ಅನೇಕ ವರ್ಷಗಳ ಪೂರ್ಣ ದಾಖಲೆಯಿಂದ, ವರ್ಷದ ಶೇ. 0.4, ಶೇ. 1 ಅಥವಾ ಶೇ. 2ರಷ್ಟು ಗಂಟೆಗಳಲ್ಲಿ ಮಾತ್ರ ಮೀರುವ ಉಷ್ಣಾಂಶವನ್ನು ಹೆಕ್ಕಿ ಇವುಗಳನ್ನು ಸಿದ್ಧಪಡಿಸುತ್ತಾರೆ. 8,760 ಗಂಟೆಗಳಲ್ಲಿ ಶೇ. 0.4 ಎಂದರೆ ಸುಮಾರು 35 ಗಂಟೆ, ಶೇ. 1 ಎಂದರೆ ಸುಮಾರು 88 ಗಂಟೆ. ಕಚೇರಿಯಲ್ಲಿ 88 ಗಂಟೆಗಳ ಕಾಲ ತುಸು ಸೆಕೆಯನ್ನು ಸಹಿಸಬಹುದು. ಲಕ್ಷಾಂತರ ರೂಪಾಯಿಯ ಸರಕಿರುವ ಶೀತಲಗೃಹದಲ್ಲಿ ಸಹಿಸಲಾಗದು. ಎಷ್ಟು ಗಂಟೆಗಳ ಅಪಾಯವನ್ನು ಹೊರಲು ಸಿದ್ಧರಿದ್ದೀರೆಂಬುದು ಇಂಜಿನಿಯರ್ ನಿರ್ಧರಿಸುವ ವಿಷಯವಲ್ಲ, ಮಾಲೀಕರು ನಿರ್ಧರಿಸಬೇಕಾದ ವಿಷಯ.

ಇನ್ನು ಮಾದರಿ ವರ್ಷವು ಯಾವುದಕ್ಕೆ ಸಲ್ಲುತ್ತದೆ? ಎರಡು ಆಯ್ಕೆಗಳನ್ನು ಹೋಲಿಸುವುದಕ್ಕೆ. ತಗಡಿನ ಛಾವಣಿಯೋ ಮಾಲೂರು ಹೆಂಚಿನ ಛಾವಣಿಯೋ, ಬಿಳಿ ಬಣ್ಣವೋ ಶಾಖನಿರೋಧಕ ಹಾಸೋ, ಪಶ್ಚಿಮಕ್ಕೆ ಕಿಟಕಿಯೋ ಉತ್ತರಕ್ಕೋ ಎಂಬ ಪ್ರಶ್ನೆಗಳಲ್ಲಿ ಎರಡೂ ಕಡೆಗೂ ಒಂದೇ ಹವಾಮಾನವನ್ನು ಹಿಡಿದು ಎಣಿಸಿದಾಗ, ಯಾವುದು ಮೇಲೆಂಬುದು ಬಹುಮಟ್ಟಿಗೆ ಸರಿಯಾಗಿಯೇ ಹೊರಬರುತ್ತದೆ. ಹೋಲಿಕೆಗೆ ಅದು ಉತ್ತಮ ತಕ್ಕಡಿ. ಬರುವ ವರ್ಷದ ಬಿಲ್ಲನ್ನು ಹೇಳುವ ಪಂಚಾಂಗವಲ್ಲ.

7. ಬ್ಯಾಂಕಿನ ಕಂತು ಮತ್ತು ಮಾದರಿ ವರ್ಷ

ಈ ಭಾಗ ನನ್ನ ವೃತ್ತಿಗೆ ಸೇರಿದುದು. ಕೆಳಗಿನ ಅಂಕಿಗಳು ಎಣಿಕೆಗಾಗಿ ಊಹಿಸಿಕೊಂಡವು.

ಶೆಡ್ಡಿನ ಛಾವಣಿಗೆ ಶಾಖನಿರೋಧಕ ಹೊದಿಸಲು 4,00,000 ರೂಪಾಯಿ ವೆಚ್ಚ. ಮಾದರಿ ವರ್ಷದ ಪ್ರಕಾರ ವರ್ಷಕ್ಕೆ 10,000 ಯೂನಿಟ್ ಉಳಿತಾಯ. ಯೂನಿಟ್‌ಗೆ 8 ರೂಪಾಯಿಯಂತೆ 80,000 ರೂಪಾಯಿ. ಹಾಕಿದ ಹಣ 5 ವರ್ಷಗಳಲ್ಲಿ ಹಿಂದಿರುಗುತ್ತದೆ. ವರದಿಯಲ್ಲಿ ಇಷ್ಟೇ ಬರೆದಿರುತ್ತದೆ. ಆದರೆ ಬೇಸಗೆ ತಂಪಾಗಿದ್ದ ವರ್ಷದಲ್ಲಿ ಉಳಿತಾಯವು 8,000 ಯೂನಿಟ್ಟಿಗೆ ಇಳಿದರೆ ಆ ವರ್ಷ ಸಿಗುವುದು 64,000 ರೂಪಾಯಿ ಮಾತ್ರ. ಬಿಸಿಲಿನ ವರ್ಷದಲ್ಲಿ 12,000 ಯೂನಿಟ್ ಉಳಿದರೆ 96,000 ರೂಪಾಯಿ. ಸಾಲದ ವಾರ್ಷಿಕ ಕಂತು 75,000 ರೂಪಾಯಿ ಇದೆಯೆನ್ನೋಣ. ಮಾದರಿ ವರ್ಷದಲ್ಲಿ 5,000 ರೂಪಾಯಿ ಮಿಗುತ್ತದೆ; ತಂಪು ವರ್ಷದಲ್ಲಿ 11,000 ರೂಪಾಯಿಯನ್ನು ಕೈಯಿಂದ ತುಂಬಬೇಕು. ಯೋಜನೆ ಒಳ್ಳೆಯದೇ ಆಗಿದ್ದರೂ ಕಂತಿನ ಅವಧಿಯನ್ನು ಬಿಗಿಯಾಗಿ ಕಟ್ಟಿದ್ದರಿಂದ ಮುಗ್ಗಟ್ಟು ಬರುತ್ತದೆ. ಆದುದರಿಂದ ಉಳಿತಾಯವನ್ನು ಒಂದೇ ಅಂಕಿಯಾಗಿ ತೋರಿಸದೆ ಸಾಮಾನ್ಯ, ಕನಿಷ್ಠ ಮತ್ತು ಗರಿಷ್ಠವೆಂದು ಮೂರು ಕಲಮುಗಳಲ್ಲಿ ತೋರಿಸಿ, ಕಂತನ್ನು ಕನಿಷ್ಠದ ಕಲಮಿಗೆ ಹೊಂದಿಸುವುದು ವಿವೇಕ.

ಸೌರವಿದ್ಯುತ್ ಕ್ಷೇತ್ರದಲ್ಲಿ ಈ ಶಿಸ್ತು ಈಗಾಗಲೇ ಇದೆ. ಹತ್ತು ವರ್ಷಗಳಲ್ಲಿ ಐದು ವರ್ಷ ಮೀರಬಹುದಾದ ಉತ್ಪಾದನೆಗೆ ‘ಪಿ-50’ ಎಂದೂ, ಒಂಬತ್ತು ವರ್ಷ ಮೀರಬಹುದಾದುದಕ್ಕೆ ‘ಪಿ-90’ ಎಂದೂ ಹೆಸರು. ಮಾದರಿ ವರ್ಷವು ಸುಮಾರಾಗಿ ಪಿ-50ಕ್ಕೆ ಸಮ. ದೊಡ್ಡ ಯೋಜನೆಗಳಿಗೆ ಸಾಲ ಕೊಡುವವರು ಪಿ-90 ಅಂಕಿಯನ್ನು ಕೇಳುತ್ತಾರೆ. ನಮ್ಮ ಭಾಗದಲ್ಲಿ ಒಂದು ಕಿಲೋವ್ಯಾಟ್ ಫಲಕವು ದಿನಕ್ಕೆ ಸರಾಸರಿ 4 ಯೂನಿಟ್ ಕೊಡುವುದೆಂದು ಸಾಮಾನ್ಯವಾಗಿ ಹಿಡಿಯುತ್ತಾರೆ. 10 ಕಿಲೋವ್ಯಾಟಿಗೆ ವರ್ಷಕ್ಕೆ 14,600 ಯೂನಿಟ್. ಮೋಡ ಹೆಚ್ಚಿದ ವರ್ಷಕ್ಕೆಂದು ಶೇ. 7ನ್ನು ಕಳೆದರೆ ಸುಮಾರು 13,580 ಯೂನಿಟ್. ಸಣ್ಣ ಉದ್ದಿಮೆದಾರರು ಕಂತನ್ನು ಎರಡನೆಯ ಅಂಕಿಯ ಮೇಲೆ ನಿಲ್ಲಿಸಿಕೊಂಡರೆ ರಾತ್ರಿ ನಿದ್ದೆ ಬರುತ್ತದೆ.

8. ವರದಿಗೆ ಸಹಿ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಒಂದು, ಹವಾಮಾನ ಕಡತವು ಯಾವ ಊರಿನದು, ಆ ಊರಿನ ಎತ್ತರವೆಷ್ಟು, ನಮ್ಮ ನಿವೇಶನದ ಎತ್ತರವೆಷ್ಟು?

ಎರಡು, ಯಾವ ವರ್ಷದಿಂದ ಯಾವ ವರ್ಷದವರೆಗಿನ ದಾಖಲೆಯಿಂದ ತಿಂಗಳುಗಳನ್ನು ಆರಿಸಲಾಗಿದೆ? ಹಳೆಯ ಕಡತಗಳಲ್ಲಿ ಈಚಿನ ಬೇಸಗೆಗಳು ಸೇರಿರುವುದಿಲ್ಲ. ಹವಾಮಾನ ಇಲಾಖೆಯೇ ತನ್ನ ಸಾಮಾನ್ಯ ಮೌಲ್ಯಗಳನ್ನು 1991-2020ರ ಅವಧಿಗೆ ನವೀಕರಿಸಿಕೊಂಡಿರುವಾಗ ಹಿಂದಿನ ಶತಮಾನದ ತಿಂಗಳುಗಳ ಮೇಲೆ ಹೊಸ ಬಂಡವಾಳವನ್ನು ಹೂಡುವುದು ಉಚಿತವಲ್ಲ.

ಮೂರು, ಬಿಸಿಲಿನ ಅಂಕಿ ಅಳತೆಯದೋ ಅಂದಾಜಿನದೋ?

ನಾಲ್ಕು, ಯಂತ್ರದ ಸಾಮರ್ಥ್ಯವನ್ನು ಮಾದರಿ ವರ್ಷದಿಂದ ನಿರ್ಧರಿಸಿದಿರೋ, ವಿನ್ಯಾಸ ಉಷ್ಣಾಂಶದಿಂದಲೋ? ಎರಡನೆಯದಾದರೆ ಶೇಕಡಾ ಎಷ್ಟರದು?

ಐದು, ಸರಕು ತುಂಬುವ ತಿಂಗಳನ್ನು ಲೆಕ್ಕಕ್ಕೆ ಹಿಡಿದಿದ್ದೀರಾ? ಆ ತಿಂಗಳ ಗರಿಷ್ಠ ಬೇಡಿಕೆಯು ಬೆಸ್ಕಾಂ ಒಪ್ಪಂದದ ಬೇಡಿಕೆಯೊಳಗೆ ನಿಲ್ಲುವುದೆ?

ಈ ಐದಕ್ಕೂ ಉತ್ತರ ಕೊಡಬಲ್ಲ ಸಲಹೆಗಾರರನ್ನು ನಂಬಬಹುದು. ನಿಮ್ಮ ಸ್ಥಳಕ್ಕೇ ಹೊಂದುವ ಕಡತ ಬೇಕೆಂದರೆ ಅದಕ್ಕೂ ಮಾರ್ಗವಿದೆ. ಯುರೋಪಿಯನ್ ಆಯೋಗದ ಸಂಶೋಧನಾ ಕೇಂದ್ರವು ನಡೆಸುವ ‘ಪಿ.ವಿ.ಜಿ.ಐ.ಎಸ್.’ ಎಂಬ ಸೇವೆಯು, ಅಕ್ಷಾಂಶ ರೇಖಾಂಶಗಳನ್ನು ಕೊಟ್ಟರೆ, ಉಪಗ್ರಹ ಮತ್ತು ಹವಾಮಾನ ಮರುವಿಶ್ಲೇಷಣೆಯ ಆಧಾರದ ಮೇಲೆ ಮಾದರಿ ವರ್ಷವನ್ನು ಉಚಿತವಾಗಿ ನೀಡುತ್ತದೆ. ಕೋಲಾರಕ್ಕೆ ಸುಮಾರು 13.14 ಉತ್ತರ, 78.13 ಪೂರ್ವ, ಮಾಲೂರಿಗೆ 13.00, 77.94, ಮುಳಬಾಗಿಲಿಗೆ 13.17, 78.40, ಶ್ರೀನಿವಾಸಪುರಕ್ಕೆ 13.34, 78.21. ಇದೂ ಅಂದಾಜೇ, ಆದರೆ ನಮ್ಮ ಊರಿನ ಅಂದಾಜು. ಇದನ್ನು ಬೆಂಗಳೂರಿನ ಕಡತದ ಪಕ್ಕದಲ್ಲಿಟ್ಟು ಎರಡರಿಂದಲೂ ಎಣಿಸಿ ನೋಡಿರೆಂದು ಸಲಹೆಗಾರರನ್ನು ಕೇಳಬಹುದು. ಎರಡೂ ಉತ್ತರಗಳು ಹತ್ತಿರವಿದ್ದರೆ ಧೈರ್ಯ, ದೂರವಿದ್ದರೆ ಎಚ್ಚರಿಕೆ. ಇದಲ್ಲದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಹೋಬಳಿ ಮಟ್ಟದಲ್ಲಿ ಹವಾಮಾನ ಮಾಪನ ಕೇಂದ್ರಗಳನ್ನೂ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನೂ ಸ್ಥಾಪಿಸಿದೆ. ಕಡತದ ಅಂಕಿಯನ್ನು ಅವುಗಳೊಡನೆ ತಾಳೆ ನೋಡಬಹುದು.

9. ನಮ್ಮದೇ ಒಂದು ವಹಿ

ಕೊನೆಯದಾಗಿ ಒಂದು ಸೂಚನೆ. ನಗದು ವಹಿ, ದಾಸ್ತಾನು ವಹಿಗಳನ್ನು ತಪ್ಪದೆ ಬರೆಯುವ ನಾವು ಉಷ್ಣಾಂಶದ ವಹಿಯನ್ನು ಇಟ್ಟವರಲ್ಲ. ದಿನದ ಗರಿಷ್ಠ ಮತ್ತು ಕನಿಷ್ಠವನ್ನು ತೋರುವ ಒಂದು ಉಷ್ಣಮಾಪಕವನ್ನು ಕಟ್ಟಡದ ಉತ್ತರದ ಗೋಡೆಯ ಹೊರಗೆ, ಬಿಸಿಲು ಬೀಳದ, ಗಾಳಿಯಾಡುವ ಜಾಗದಲ್ಲಿ ತೂಗುಹಾಕಿರಿ. ಪ್ರತಿದಿನ ಒಂದೇ ಹೊತ್ತಿನಲ್ಲಿ ಆ ಎರಡು ಅಂಕಿಗಳನ್ನೂ ವಿದ್ಯುತ್ ಮಾಪಕದ ಅಂಕಿಯನ್ನೂ ಬರೆದಿಡಿರಿ. ಸರಕು ತುಂಬಿದ, ತೆಗೆದ ದಿನಗಳನ್ನು ಷರಾ ಕಲಮಿನಲ್ಲಿ ಗುರುತಿಸಿರಿ. ಒಂದು ವರ್ಷದ ಕೊನೆಗೆ ಉಷ್ಣಾಂಶ ಒಂದು ಡಿಗ್ರಿ ಏರಿದರೆ ನಿಮ್ಮ ಕಟ್ಟಡವು ಎಷ್ಟು ಯೂನಿಟ್ ಹೆಚ್ಚಿಗೆ ನುಂಗುತ್ತದೆಂಬುದು ನಿಮಗೇ ತಿಳಿಯುತ್ತದೆ. ಯಾವ ಗಣಕಯಂತ್ರದ ಅಂದಾಜೂ ಅದಕ್ಕೆ ಸಾಟಿಯಲ್ಲ.

ಶ್ರೀನಿವಾಸಪುರದ ನನ್ನ ಕಕ್ಷಿದಾರರು ಆ ಬೇಸಗೆಯ ನಂತರ ಎರಡನೆಯ ಯಂತ್ರವೊಂದನ್ನು ಹಾಕಿಸಿ, ಛಾವಣಿಯ ಮೇಲೆ ನೆರಳಿನ ಹೊದಿಕೆ ಕಟ್ಟಿಸಿದರು. ಈಗ ಹಣ್ಣನ್ನು ಹಗಲು ಬಿಟ್ಟು ಬೆಳಗಿನ ಜಾವದಲ್ಲಿ ತುಂಬಿಸುತ್ತಾರೆ. ಆ ಸಾಲದ ಕಾಗದಪತ್ರಗಳನ್ನೂ ನಾನೇ ಸಿದ್ಧಪಡಿಸಿದೆ. ಈ ಸಲ ವಿದ್ಯುತ್ ವೆಚ್ಚದ ಒಂದು ಸಾಲಿನ ಬದಲು ಒಂದು ಪುಟವಿತ್ತು. ಊರು, ಎತ್ತರ, ಅವಧಿ, ವಿನ್ಯಾಸ ಉಷ್ಣಾಂಶ ಎಲ್ಲವೂ ಅದರಲ್ಲಿದ್ದುವು. ಮೊದಲ ವರದಿಯಲ್ಲಿಯೇ ಆ ಪುಟವಿದ್ದಿದ್ದರೆ ಎರಡನೆಯ ಸಾಲದ ಅಗತ್ಯ ಬೀಳುತ್ತಿರಲಿಲ್ಲವೇನೋ. ಸದಸ್ಯರು ಮುಂದೆ ತಮ್ಮ ವರದಿಗಳಲ್ಲಿ ಆ ಪುಟವನ್ನು ಕೇಳಿ ಪಡೆಯಬೇಕೆಂದೂ, ನಮ್ಮಂತಹ ಲೆಕ್ಕಪರಿಶೋಧಕರು ಅದನ್ನು ಓದಿಯೇ ಸಹಿ ಮಾಡಬೇಕೆಂದೂ ವಿನಂತಿಸಿ ಈ ಲೇಖನವನ್ನು ಮುಗಿಸುತ್ತೇನೆ.